ಕಾಲೇಜು ಬ್ಯಾಸ್ಕೆಟ್‌ಬಾಲ್: ಒಂದು ಸೀಸನ್ ಬೆನ್ನು ಹತ್ತುವುದು ಹೇಗೆ?



ಐಪಿಎಲ್ ಬಂತೆಂದರೆ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಎರಡು ಪಕ್ಷ ಆಗುವುದು ನಿಮಗೆ ಗೊತ್ತೇ ಇದೆ. ಅಪ್ಪ ಅಮ್ಮ ಬೆಂಗಳೂರಿನ ಕಡೆ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಹೈದರಾಬಾದಿನ ಕಡೆ. ಉಪ್ಪಲ್ ಸ್ಟೇಡಿಯಂ ಟಿಕೆಟ್ಟಿಗೆ ಪರದಾಟ ಬೇರೆ. ಆದರೆ ಇದೇ ಊರಿನಲ್ಲಿ ಸಾಮಾನ್ಯವಾಗಿ ಟಿಕೆಟ್ಟಿನ ಗೋಜೇ ಇಲ್ಲದೆ, ಕೋರ್ಟಿನ ಗೆರೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ನೋಡಬಹುದಾದ ಇನ್ನೊಂದು ಆಟವಿದೆ. ಅದು ಕಾಲೇಜು ಬ್ಯಾಸ್ಕೆಟ್‌ಬಾಲ್. ಟಿ.ವಿ.ಯಲ್ಲಿ ಬರುವುದು ಅಪರೂಪ. ಪತ್ರಿಕೆಯಲ್ಲಿ ಬಂದರೂ ಕ್ರೀಡಾಪುಟದ ಕೆಳಗಿನ ಮೂಲೆಯಲ್ಲಿ ಎರಡು ಸಾಲು.

ಅಂಥ ಆಟಕ್ಕೆ ಅಭಿಮಾನಿ ಯಾಕಾಗಬೇಕು? ಆಗುವುದಾದರೆ ಹೇಗೆ? ಈ ಸಲದ ಪುಟದಲ್ಲಿ ಅದನ್ನೇ ಮಾತಾಡೋಣ. ಆಟ ಗೊತ್ತಿಲ್ಲದವರೂ ಓದಬಹುದು. ನಾನು ಕೂಡ ಕನ್ನಡ ಬಿ.ಎ. ಓದಿ ಮೈಕ್ ಮುಂದೆ ಕೂತವನೇ ಹೊರತು ಕೋರ್ಟಿಗೆ ಇಳಿದವನಲ್ಲ. ಗ್ಯಾಲರಿಯಲ್ಲಿ ಕೂತು ಕಲಿತದ್ದು ಇಷ್ಟು.

ಹುಟ್ಟಿದ್ದೇ ಕಾಲೇಜಿನಲ್ಲಿ

ಕ್ರಿಕೆಟ್ ಎಲ್ಲಿ ಹುಟ್ಟಿತು, ಫುಟ್‌ಬಾಲ್ ಯಾರು ಮೊದಲು ಆಡಿದರು ಎಂದು ಕೇಳಿದರೆ ಒಬ್ಬರ ಹೆಸರು ಹೇಳುವುದು ಕಷ್ಟ. ಬ್ಯಾಸ್ಕೆಟ್‌ಬಾಲ್‌ಗೆ ಮಾತ್ರ ಊರು, ಹೆಸರು, ತಿಂಗಳು ಎಲ್ಲ ಇದೆ. 1891ರ ಡಿಸೆಂಬರ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆ. ಹೊರಗೆ ಚಳಿಗಾಲ, ಒಳಗೆ ಕವಾಯತು ಮಾಡಿ ಬೇಸತ್ತ ಹುಡುಗರು. ಅವರ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಗೆ ಮೊಳೆ ಹೊಡೆದು ನಿಲ್ಲಿಸಿ, 13 ನಿಯಮ ಬರೆದು, ಕಡೆಗೆ ಒಂಬತ್ತು ಜನರಂತೆ ಆಡಿಸಿದರು. ಮೊದಲ ಪಂದ್ಯ ಮುಗಿದದ್ದು 1-0ಗೆ! ಬುಟ್ಟಿಗೆ ತಳ ಇತ್ತಲ್ಲ, ಬಿದ್ದ ಚೆಂಡನ್ನು ಏಣಿ ಹಾಕಿ ತೆಗೆಯಬೇಕಿತ್ತು.

ನಮ್ಮ ದೇಶಕ್ಕೂ ಈ ಆಟ ಬಂದದ್ದು ವೈಎಂಸಿಎ ದಾರಿಯಲ್ಲೇ. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರುವಾಯಿತು. ಅಲ್ಲಿ ಕಲಿತ ಪಿ.ಟಿ. ಮೇಷ್ಟ್ರುಗಳು ದಕ್ಷಿಣದ ಶಾಲೆ ಕಾಲೇಜುಗಳಿಗೆ ಹೋದರು, ಅವರ ಜೊತೆ ಆಟವೂ ಹೋಯಿತು. 1934ರಲ್ಲಿ ದೆಹಲಿಯಲ್ಲಿ ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. 1950ರಲ್ಲಿ ರಾಷ್ಟ್ರೀಯ ಫೆಡರೇಷನ್ ಆಯಿತು. ಹೈದರಾಬಾದಿನಲ್ಲಿ ಇವತ್ತಿಗೂ ಸಿಕಂದರಾಬಾದ್ ವೈಎಂಸಿಎ ಕೋರ್ಟು, ಚಾದರ್‌ಘಾಟ್‌ನ ವಿಕ್ಟರಿ ಪ್ಲೇಗ್ರೌಂಡ್ ಎಂದರೆ ಬ್ಯಾಸ್ಕೆಟ್‌ಬಾಲ್ ಬಲ್ಲವರ ಕಿವಿ ನಿಮಿರುತ್ತದೆ. ಕಾಚಿಗುಡದ ನಮ್ಮ ಕನ್ನಡಿಗರಿಗೆ ಚಾದರ್‌ಘಾಟ್ ಪಕ್ಕದ ಬೀದಿ ಇದ್ದಹಾಗೆ.

ಕಬಡ್ಡಿ ಗೊತ್ತಿದ್ದರೆ ಅರ್ಧ ಆಟ ಗೊತ್ತು

ಕೋರ್ಟು 28 ಮೀಟರ್ ಉದ್ದ, 15 ಮೀಟರ್ ಅಗಲ. ಬಳೆ ಇರುವುದು 3.05 ಮೀಟರ್ ಎತ್ತರದಲ್ಲಿ, ಅಂದರೆ ಹತ್ತು ಅಡಿ. ಕಡೆಗೆ ಐದು ಜನ ಕೋರ್ಟಿನಲ್ಲಿ, ಉಳಿದವರು ಬೆಂಚಿನಲ್ಲಿ. ಒಟ್ಟು ತಂಡ 12 ಜನ. ಈ ಹನ್ನೆರಡು ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ತೊಂಬತ್ತರ ದಶಕದಲ್ಲಿ ಕಾಲೇಜಿನಲ್ಲಿ ಆಡಿದ ಕೇಳುಗರು "ನಮ್ಮ ಕಾಲದಲ್ಲಿ 20 ನಿಮಿಷದ ಎರಡು ಹಾಫ್ ಇತ್ತಲ್ಲ" ಎನ್ನಬಹುದು. ನಿಜ. 2000ದಲ್ಲಿ ಅಂತರರಾಷ್ಟ್ರೀಯ ನಿಯಮ ಬದಲಾಯಿತು. ಆಗಲೇ ಚೆಂಡು ಹಿಡಿದ ತಂಡಕ್ಕೆ ಇದ್ದ 30 ಸೆಕೆಂಡಿನ ಗಡುವು 24 ಸೆಕೆಂಡಿಗೆ ಇಳಿಯಿತು. ಕಬಡ್ಡಿಯಲ್ಲಿ ರೇಡಿಗೆ ಹೋದವನಿಗೆ 30 ಸೆಕೆಂಡು ಇರುತ್ತದಲ್ಲ, ಇಲ್ಲಿ ಇಡೀ ತಂಡಕ್ಕೆ 24. ಅಷ್ಟರೊಳಗೆ ಚೆಂಡು ಬಳೆಗೆ ಹೋಗಬೇಕು, ಇಲ್ಲವಾದರೆ ಎದುರಾಳಿಗೆ. ಮೊದಲ ಎಂಟು ಸೆಕೆಂಡಿನೊಳಗೆ ನಡುಗೆರೆ ದಾಟಬೇಕು.

ಪಾಯಿಂಟಿನ ಲೆಕ್ಕ ಸುಲಭ. ಹತ್ತಿರದಿಂದ ಹಾಕಿದರೆ 2, ಕಮಾನಿನಂಥ ಗೆರೆಯ ಆಚೆಯಿಂದ ಹಾಕಿದರೆ 3, ಫ್ರೀ ಥ್ರೋಗೆ 1. ಮೂರು ಪಾಯಿಂಟಿನ ಗೆರೆ ಮೊದಲು 6.25 ಮೀಟರ್ ದೂರದಲ್ಲಿತ್ತು, 2010ರಲ್ಲಿ 6.75ಕ್ಕೆ ಹೋಯಿತು. ಒಬ್ಬ ಆಟಗಾರ ಐದು ಫೌಲ್ ಮಾಡಿದರೆ ಆವತ್ತಿನ ಆಟ ಮುಗಿಯಿತು, ಬೆಂಚೇ ಗತಿ. ಇನ್ನು ಒಂದು ಕ್ವಾರ್ಟರಿನಲ್ಲಿ ತಂಡದ ಫೌಲುಗಳು ನಾಲ್ಕು ದಾಟಿದರೆ, ಐದನೆಯದರಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ. ಹತ್ತಿರದ ಪಂದ್ಯಗಳು ತಿರುಗುವುದು ಬಹಳ ಸಲ ಇಲ್ಲೇ.

ಮೆಟ್ಟಿಲು ಮೆಟ್ಟಿಲಾಗಿ ಸೀಸನ್

ಕಾಲೇಜು ಸೀಸನ್ ಅಂದರೆ ಐಪಿಎಲ್ ಹಾಗೆ ಒಂದೇ ಪಟ್ಟಿ, ಒಂದೇ ಕಪ್ಪು ಅಲ್ಲ. ನಾಲ್ಕು ಮೆಟ್ಟಿಲಿನ ಏಣಿ ಅದು.

ಮೊದಲ ಮೆಟ್ಟಿಲು ಅಂತರ ಕಾಲೇಜು ಟೂರ್ನಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಕಾಲೇಜುಗಳು ತಮ್ಮೊಳಗೆ, ಜೆಎನ್‌ಟಿಯು ಕಾಲೇಜುಗಳು ತಮ್ಮೊಳಗೆ ಆಡುತ್ತವೆ. ಮಳೆಗಾಲದ ಕೊನೆಯಿಂದ ಚಳಿ ಶುರುವಾಗುವವರೆಗೆ ಇದರ ಕಾಲ.

ಎರಡನೇ ಮೆಟ್ಟಿಲಿಗೆ ಪ್ರೇಕ್ಷಕರೇ ಇರುವುದಿಲ್ಲ, ಆದರೆ ಅತಿ ಕಠಿಣವಾದದ್ದು ಅದೇ. ಆಯ್ಕೆ. ಎಲ್ಲ ಕಾಲೇಜುಗಳ ಒಳ್ಳೆಯ ಹುಡುಗರನ್ನು ಕರೆದು, ಶಿಬಿರ ನಡೆಸಿ, ಅದರಲ್ಲಿ 12 ಜನರನ್ನು ವಿಶ್ವವಿದ್ಯಾಲಯ ತಂಡಕ್ಕೆ ಆರಿಸುತ್ತಾರೆ. ನಿನ್ನೆಯವರೆಗೆ ಬದ್ಧ ವೈರಿಗಳಾಗಿದ್ದ ಎರಡು ಕಾಲೇಜಿನ ಹುಡುಗರು ಇವತ್ತು ಒಂದೇ ಬಣ್ಣದ ಅಂಗಿ ಹಾಕುತ್ತಾರೆ.

ಮೂರನೇ ಮೆಟ್ಟಿಲು ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ. ಇದನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಹುಟ್ಟಿದ ಸಂಸ್ಥೆ ಇದು. ಕರ್ನಾಟಕ, ತೆಲಂಗಾಣ, ಆಂಧ್ರ, ತಮಿಳುನಾಡು, ಕೇರಳದ ಹತ್ತಾರು ವಿಶ್ವವಿದ್ಯಾಲಯಗಳು ಒಂದೇ ಊರಿನಲ್ಲಿ ಸೇರುತ್ತವೆ. ಮೊದಲೆಲ್ಲ ನಾಕೌಟ್, ಸೋತವರು ಅದೇ ರಾತ್ರಿ ರೈಲು ಹತ್ತಬೇಕು. ಕೊನೆಗೆ ಉಳಿದ ನಾಲ್ಕು ತಂಡಗಳು ಲೀಗ್ ಆಡಿ ಒಂದರಿಂದ ನಾಲ್ಕರವರೆಗಿನ ಸ್ಥಾನ ಹಂಚಿಕೊಳ್ಳುತ್ತವೆ.

ಆ ನಾಲ್ಕು ತಂಡಗಳು ನಾಲ್ಕನೇ ಮೆಟ್ಟಿಲಿಗೆ, ಅಂದರೆ ಅಖಿಲ ಭಾರತ ಟೂರ್ನಿಗೆ ಹೋಗುತ್ತವೆ. ಉತ್ತರ, ಪೂರ್ವ, ಪಶ್ಚಿಮ ವಲಯಗಳಿಂದಲೂ ನಾಲ್ಕು ನಾಲ್ಕು ಬರುತ್ತವೆ. 2020ರಲ್ಲಿ ಭುವನೇಶ್ವರದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಶುರುವಾದ ಮೇಲೆ ಮುಂಚೂಣಿಯ ತಂಡಗಳಿಗೆ ಇನ್ನೊಂದು ಗುರಿ ಸಿಕ್ಕಿದೆ. ಅದರ ಎರಡನೇ ಕೂಟ 2022ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದು, ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಒಟ್ಟು ಪದಕ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು.

ಹನ್ನೆರಡನೆಯವನು ಮತ್ತು ಹದಿಮೂರನೆಯವನು

ನೆನಪಿಡಿ ಎಂದ ಸಂಖ್ಯೆ ಈಗ ಬೇಕು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಯಾರು ಅರ್ಹರು ಎಂಬ ಪಟ್ಟಿಯಲ್ಲಿ, ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಇದ್ದಾರೆ. ಅಂದರೆ ತಂಡದ ಹನ್ನೆರಡನೆಯವನು ಇಡೀ ಟೂರ್ನಿಯಲ್ಲಿ ಮೂರು ನಿಮಿಷ ಆಡಿದರೂ ಅವನ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುತ್ತದೆ. ಅವನಿಗಿಂತ ಕೂದಲೆಳೆಯಷ್ಟು ಹಿಂದೆ ಬಿದ್ದ ಹದಿಮೂರನೆಯವನ ಕೈಯಲ್ಲಿ ಏನೂ ಇರುವುದಿಲ್ಲ. ಮುಂದೆ ಒಂದು ಕಚೇರಿಯಲ್ಲಿ ಅರ್ಜಿ ಹಾಕುವಾಗ ಆ ಒಂದು ಕಾಗದ ಎಷ್ಟು ತೂಕದ್ದು ಎಂದು ಕೆಲಸ ಹುಡುಕಿದವರಿಗೆ ಹೇಳಬೇಕಿಲ್ಲ.

ಇದಕ್ಕೆ ಕಾಲದ ಕಟ್ಟುಪಾಡೂ ಇದೆ. ಬಿ.ಕಾಂ. ಓದುವ ಹುಡುಗಿಗೆ ಕಾಲೇಜಿನ ಅಂಗಿಯಲ್ಲಿ ಮೂರೇ ಸೀಸನ್. ಒಂದು ವರ್ಷ ಮೊಣಕಾಲು ಕೈಕೊಟ್ಟರೆ ಕ್ರೀಡಾ ಜೀವನದ ಮೂರನೇ ಒಂದು ಭಾಗ ಹೋದಂತೆ. ಸ್ನಾತಕೋತ್ತರಕ್ಕೆ ಸೇರಿದರೆ ಇನ್ನೆರಡು ವರ್ಷ ಸಿಗಬಹುದು, ಅದಕ್ಕೂ ವಯಸ್ಸಿನ ಮಿತಿ ಅಡ್ಡ ಬರುತ್ತದೆ. ಕ್ರಿಕೆಟ್ ತಾರೆಯನ್ನು ಹದಿನೈದು ವರ್ಷ ನೋಡುತ್ತೇವೆ. ಕಾಲೇಜು ಆಟಗಾರ್ತಿಯನ್ನು ಗುರುತು ಹಿಡಿಯುವಷ್ಟರಲ್ಲಿ ಅವಳ ಬೀಳ್ಕೊಡುಗೆ ಬಂದಿರುತ್ತದೆ.

ಮುಂದೆ ಆಡಬೇಕೆಂದರೆ ಉಳಿಯುವುದು ರೈಲ್ವೆ, ಬ್ಯಾಂಕು, ಪೊಲೀಸ್‌ನಂಥ ಸಂಸ್ಥೆಗಳ ತಂಡಗಳು. ಅವೂ ಶಾಶ್ವತವಲ್ಲ. ಬೆಂಗಳೂರಿನ ಬ್ಯಾಸ್ಕೆಟ್‌ಬಾಲ್ ಎಂದರೆ ಬಹಳ ಕಾಲ ನೆನಪಾಗುತ್ತಿದ್ದ ಹೆಸರು ವಿಜಯಾ ಬ್ಯಾಂಕ್. 2019ರ ಏಪ್ರಿಲ್ 1ರಂದು ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅಂಗಿಯ ಮೇಲಿನ ಹೆಸರೂ ಅಲ್ಲಿಗೆ ಮುಗಿಯಿತು.

ಗೆಲ್ಲುವವರು ಯಾಕೆ ಗೆಲ್ಲುತ್ತಾರೆ?

ಎರಡು ಮೂರು ಸೀಸನ್ ನೋಡಿದರೆ ನಿಮಗೇ ಒಂದು ವಿಷಯ ಹೊಳೆಯುತ್ತದೆ. ಚೆನ್ನೈ ಕಡೆಯ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳು, ಬೆಂಗಳೂರಿನ ಜೈನ್, ಕ್ರೈಸ್ಟ್‌ನಂಥವು ಮೈದಾನಕ್ಕೆ ಇಳಿದಾಗ ತಂಡ ಒಂದೇ ಯಂತ್ರದಂತೆ ಓಡುತ್ತದೆ. ಹಳೆಯ ಸರ್ಕಾರಿ ವಿಶ್ವವಿದ್ಯಾಲಯಗಳ ತಂಡದಲ್ಲಿ ಒಬ್ಬೊಬ್ಬರೂ ಚೆನ್ನಾಗಿ ಆಡುತ್ತಾರೆ, ಆದರೆ ಚೆಂಡು ಎಲ್ಲಿಗೆ ಬರುತ್ತದೆ ಎಂಬ ಅಂದಾಜು ಇನ್ನೊಬ್ಬನಿಗೆ ಇರುವುದಿಲ್ಲ.

ಕಾರಣ ಪ್ರತಿಭೆಯಲ್ಲ, ವ್ಯವಸ್ಥೆ. ಖಾಸಗಿ ವಿಶ್ವವಿದ್ಯಾಲಯ ಆಟಗಾರರಿಗೆ ಶುಲ್ಕ ವಿನಾಯಿತಿ, ಹಾಸ್ಟೆಲ್ ಕೊಟ್ಟು ಒಂದೇ ಕ್ಯಾಂಪಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಅವರು ವರ್ಷವಿಡೀ ಬೆಳಿಗ್ಗೆ ಸಂಜೆ ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. ಉಸ್ಮಾನಿಯಾದಂಥ ವಿಶ್ವವಿದ್ಯಾಲಯದಲ್ಲಿ ಆಟಗಾರರು ಊರಿನ ಮೂಲೆ ಮೂಲೆಯ ಕಾಲೇಜುಗಳಲ್ಲಿ ಚದುರಿರುತ್ತಾರೆ. ಒಬ್ಬ ಮೆಹದಿಪಟ್ನಂ, ಇನ್ನೊಬ್ಬ ಅಲ್ವಾಲ್. ಅವರು ಒಂದು ತಂಡವಾಗುವುದು ಶಿಬಿರದ ಕೆಲವು ದಿನಗಳಲ್ಲಿ ಮಾತ್ರ. ಇದು ಗೊತ್ತಿದ್ದರೆ, ಚದುರಿದ ತಂಡವೊಂದು ಕಟ್ಟಿದ ತಂಡವನ್ನು ಸೋಲಿಸಿದ ದಿನ ನೀವು ಯಾಕೆ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು ಎಂಬುದೂ ಗೊತ್ತಾಗುತ್ತದೆ.

ನಾವು ಯಾರ ಕಡೆ?

ಇನ್ನು ನಮ್ಮ ಧರ್ಮಸಂಕಟ. ದಕ್ಷಿಣ ವಲಯದಲ್ಲಿ ಉಸ್ಮಾನಿಯಾಗೂ ಕರ್ನಾಟಕದ ಒಂದು ತಂಡಕ್ಕೂ ಪಂದ್ಯ ಬಿತ್ತು ಅಂದುಕೊಳ್ಳಿ. ಹೈದರಾಬಾದ್ ಕನ್ನಡಿಗ ಯಾರಿಗೆ ಚಪ್ಪಾಳೆ ಹೊಡೆಯಬೇಕು?

ಇತಿಹಾಸ ನೋಡಿದರೆ ಈ ಸಂಕಟ ಅಷ್ಟು ದೊಡ್ಡದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ಆ ಜಿಲ್ಲೆಗಳ ಕನ್ನಡದ ಮಕ್ಕಳಿಗೂ ತಮ್ಮದೇ ವಿಶ್ವವಿದ್ಯಾಲಯವಾಗಿತ್ತು. ಎಷ್ಟೋ ಮನೆಗಳಲ್ಲಿ ಅಜ್ಜನ ಪದವಿ ಪತ್ರ ಉಸ್ಮಾನಿಯಾದ್ದು, ಅಪ್ಪನದು ಧಾರವಾಡದ್ದು, 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಆದ ಮೇಲೆ ಚಿಕ್ಕಪ್ಪನದು ಅಲ್ಲಿಯದು. ಈಗ ರಾಯಚೂರಿಗೂ ಬೀದರ್‌ಗೂ ಸ್ವಂತ ವಿಶ್ವವಿದ್ಯಾಲಯಗಳಿವೆ. ಬೆಂಗಳೂರು ವಿಶ್ವವಿದ್ಯಾಲಯವೂ 2017ರಲ್ಲಿ ಮೂರಾಯಿತು. ವಿಶ್ವವಿದ್ಯಾಲಯ ಒಡೆದರೆ ತಂಡವೂ ಒಡೆಯುತ್ತದೆ, ಹಳೆಯ ಅಭಿಮಾನಿ ಹೊಸದಾಗಿ ಆರಿಸಿಕೊಳ್ಳಬೇಕಾಗುತ್ತದೆ.

ನನ್ನ ಸಲಹೆ ಇಷ್ಟು. ಊರಿನ ಟೂರ್ನಿಯಲ್ಲಿ ನಿಮ್ಮ ಮನೆಗೆ ಹತ್ತಿರದ ಕಾಲೇಜೊಂದನ್ನು ಹಿಡಿಯಿರಿ. ವಲಯ ಟೂರ್ನಿಗೆ ಬಂದಾಗ ಉಸ್ಮಾನಿಯಾ ಒಂದು ಕಣ್ಣು, ತವರಿನ ತಂಡ ಇನ್ನೊಂದು ಕಣ್ಣು. ಎರಡೂ ಎದುರೆದುರು ಬಂದರೆ, ಕಡಿಮೆ ಬೆಂಬಲ ಇರುವ ಕಡೆ ಕೂರಿ. ದೂರದ ಊರಿನಿಂದ ಬಂದ ಹುಡುಗಿಯರಿಗೆ ಗ್ಯಾಲರಿಯಿಂದ ಕನ್ನಡದಲ್ಲಿ "ಬಿಡಬೇಡ, ಹಾಕು!" ಎಂಬ ಒಂದು ಕೂಗು ಕೇಳಿಸಿದರೆ ಅವರು ತಿರುಗಿ ನೋಡದೆ ಇರುವುದಿಲ್ಲ.

ಮೊಮ್ಮಕ್ಕಳ ಕಾಲೇಜಿನ ಮಾರ್ಚ್ ತಿಂಗಳು

ಹೈದರಾಬಾದಿನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಬಗ್ಗೆ ಹೇಳದೆ ಇರುವ ಹಾಗಿಲ್ಲ. ಮಗನೋ ಮೊಮ್ಮಗಳೋ ಅಲ್ಲಿ ಎಂ.ಎಸ್. ಮಾಡುತ್ತಿರುವ ಮನೆಗಳು ಇಲ್ಲಿ ಬೀದಿಗೊಂದು. ಮಾರ್ಚ್ ಬಂದರೆ ಆ ಮಕ್ಕಳು ಫೋನಿನಲ್ಲಿ ಪರೀಕ್ಷೆಗಿಂತ ಹೆಚ್ಚು ಬ್ಯಾಸ್ಕೆಟ್‌ಬಾಲ್ ಮಾತಾಡುತ್ತಾರೆ.

ಅಲ್ಲಿಯ ಪುರುಷರ ರಾಷ್ಟ್ರೀಯ ಟೂರ್ನಿ 1939ರಲ್ಲಿ ಎಂಟೇ ತಂಡಗಳಿಂದ ಶುರುವಾಯಿತು. 1985ರಲ್ಲಿ 64 ಆಯಿತು, 2011ರಲ್ಲಿ 68. ಒಂದು ಸೋಲು, ಸೀಸನ್ ಮುಗಿಯಿತು. 2018ರ ಮಾರ್ಚ್‌ನಲ್ಲಿ ಅಗ್ರ ಶ್ರೇಯಾಂಕದ ವರ್ಜೀನಿಯಾ ತಂಡವನ್ನು, ಶ್ರೇಯಾಂಕದಲ್ಲಿ ಕಟ್ಟಕಡೆಯ ಹದಿನಾರನೆಯದಾಗಿದ್ದ ಮೇರಿಲ್ಯಾಂಡ್-ಬಾಲ್ಟಿಮೋರ್ ಕೌಂಟಿ ತಂಡ 74-54ರಿಂದ ಸೋಲಿಸಿತು. ಪುರುಷರ ಟೂರ್ನಿಯಲ್ಲಿ ಅಂಥದ್ದು ಅದೇ ಮೊದಲು. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಮರುವರ್ಷ, 2019ರಲ್ಲಿ, ಅದೇ ವರ್ಜೀನಿಯಾ ಚಾಂಪಿಯನ್ ಆಯಿತು. ಆ ಎರಡು ಸೀಸನ್ ಬೆನ್ನು ಹತ್ತಿದವನಿಗೆ ಸಿಕ್ಕ ಸುಖ, ಫೈನಲ್ ಒಂದನ್ನೇ ನೋಡಿದವನಿಗೆ ಎಲ್ಲಿ ಸಿಗಬೇಕು?

ಅಲ್ಲಿ ಪೂರ್ವ ಕರಾವಳಿಯಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಮಾರ್ಚ್ ಮಧ್ಯದ ನಂತರ ನಮಗೆ ಬೆಳಗಿನ ಜಾವ ನಾಲ್ಕೂವರೆ. ಸುಪ್ರಭಾತಕ್ಕೆ ಏಳುವ ಅಜ್ಜಂದಿರಿಗೆ ಹೇಳಿ ಮಾಡಿಸಿದ ಸಮಯ. ನಿಯಮ ಸ್ವಲ್ಪ ಬೇರೆ. ಅಲ್ಲಿಯ ಪುರುಷರ ಕಾಲೇಜು ಆಟ ಬಹಳ ಕಾಲದಿಂದ 20 ನಿಮಿಷದ ಎರಡು ಭಾಗವಾಗಿ ನಡೆದು ಬಂದದ್ದು, ಮಹಿಳೆಯರದು 2015-16ರಿಂದ ನಮ್ಮ ಹಾಗೆ ನಾಲ್ಕು ಕ್ವಾರ್ಟರ್. ಅಂದ ಹಾಗೆ, 2024ರಲ್ಲಿ ಅಲ್ಲಿಯ ಪುರುಷರ ಫೈನಲ್‌ಗಿಂತ ಮಹಿಳೆಯರ ಫೈನಲ್ ಅನ್ನೇ ಹೆಚ್ಚು ಜನ ಟಿ.ವಿ.ಯಲ್ಲಿ ನೋಡಿದರು.

ಆ ದಾರಿಯಲ್ಲಿ ನಮ್ಮವರೂ ಹೋಗಿದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ವಿದ್ಯಾರ್ಥಿವೇತನ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿ ಅಲ್ಲಿಯ ಮೊದಲ ದರ್ಜೆಯ ಕಾಲೇಜು ಲೀಗಿನಲ್ಲಿ ಆಡಿದರು. ಇನ್ನು 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ, ಭಾರತದ ಹುಡುಗಿಯರು ಬಿ ವಿಭಾಗದ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಎರಡೇ ಪಾಯಿಂಟು! ಒಂದು ಬುಟ್ಟಿಯ ಅಂತರ.

ನೋಟ್‌ಬುಕ್ ಇಡಿ

ಟಿ.ವಿ. ಇಲ್ಲದ, ಪತ್ರಿಕೆ ಬರೆಯದ ಆಟವನ್ನು ಹಿಂಬಾಲಿಸಲು ಒಂದೇ ಉಪಾಯ. ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು. ಪ್ರತಿ ಪಂದ್ಯಕ್ಕೆ ನಾಲ್ಕು ಕಾಲಂ ಹಾಕಿ.

ಒಂದು, ಎಷ್ಟು ಸಲ ಎಸೆದರು, ಎಷ್ಟು ಬಿತ್ತು, ಎಲ್ಲಿಂದ. ಹತ್ತಿರದಿಂದ ಹತ್ತು ಸಲ ಎಸೆದು ಐದು ಹಾಕಿದವನಿಗೆ 10 ಪಾಯಿಂಟು. ದೂರದಿಂದ ಹತ್ತು ಎಸೆದು ನಾಲ್ಕೇ ಹಾಕಿದವನಿಗೆ 12. ಕಣ್ಣಿಗೆ ಮೊದಲನೆಯವನು ಚೆನ್ನಾಗಿ ಆಡಿದಂತೆ ಕಂಡರೂ ಲೆಕ್ಕ ಎರಡನೆಯವನ ಕಡೆ.

ಎರಡು, ಎಸೆಯದೆಯೇ ಎಷ್ಟು ಸಲ ಚೆಂಡು ಕಳೆದುಕೊಂಡರು. ಹೊಸದಾಗಿ ಕಟ್ಟಿದ ತಂಡದ ಕಾಯಿಲೆ ಇಲ್ಲಿ ಕಾಣುತ್ತದೆ.

ಮೂರು, ಗುರಿ ತಪ್ಪಿ ಪುಟಿದ ಚೆಂಡು ಯಾರ ಕೈಗೆ ಹೋಯಿತು. ಎತ್ತರದವರಿಗೇ ಹೋಗುತ್ತದೆ ಎಂದುಕೊಳ್ಳಬೇಡಿ, ಮೊದಲು ಜಾಗ ಹಿಡಿದವರಿಗೆ ಹೋಗುತ್ತದೆ.

ನಾಲ್ಕು, ಫ್ರೀ ಥ್ರೋ. ಯಾರೂ ಅಡ್ಡ ಬರದ, ಬಳೆ ಎದುರಿಗೇ ಇರುವ ಎಸೆತ. ಕೊನೆಯ ನಿಮಿಷದಲ್ಲಿ ಕಾಲು ನಡುಗುವುದು ಇಲ್ಲೇ.

ಅಮೆರಿಕದ ಡೀನ್ ಆಲಿವರ್ ಎಂಬುವರು ಪಂದ್ಯ ಗೆಲ್ಲಿಸುವ ನಾಲ್ಕು ಅಂಶಗಳು ಎಂದು ಲೆಕ್ಕ ಹಾಕಿ ಹೇಳಿದ್ದೂ ಇವನ್ನೇ. ಕಂಪ್ಯೂಟರ್ ಬೇಡ, ಕಣ್ಣಿದ್ದರೆ ಸಾಕು.

ನಾಲ್ಕು ಕಾಲಂ ತುಂಬಿದ ಮೇಲೆ ಪುಟದ ಕೆಳಗೆ ಇನ್ನೊಂದು ಸಾಲು ಬಿಡಿ. ಬೆಂಚಿನ ತುದಿಯಲ್ಲಿ ಕೂತವರ ಅಂಗಿಯ ನಂಬರಿಗೆ. ಅವರು ಯಾವ ಕ್ವಾರ್ಟರಿನಲ್ಲಿ ಇಳಿದರು, ಎಷ್ಟು ಹೊತ್ತು ಆಡಿದರು, ಇಳಿದ ಮೇಲೆ ಅಂತರ ಕಡಿಮೆಯಾಯಿತೋ ಹೆಚ್ಚಾಯಿತೋ ಬರೆಯಿರಿ. ಮುಂದಿನ ವರ್ಷ ಐವರಲ್ಲಿ ಒಬ್ಬರಾಗಿ ಮೈದಾನಕ್ಕೆ ಇಳಿಯುವುದು ಬಹುಶಃ ಅವರೇ. ಆಗ "ಈ ಹುಡುಗಿಯನ್ನು ನಾನು ಹೋದ ಸಲವೇ ನೋಡಿದ್ದೆ" ಎನ್ನುವ ಒಬ್ಬರಾದರೂ ಗ್ಯಾಲರಿಯಲ್ಲಿ ಇರಬೇಕಲ್ಲವೇ? ಮೂರೇ ವರ್ಷದ ಆಟಕ್ಕೆ ನೆನಪಿಟ್ಟುಕೊಳ್ಳುವವರೇ ಇಲ್ಲದಿದ್ದರೆ, ಆಡಿದ್ದಕ್ಕೆ ಉಳಿಯುವುದು ಒಂದು ಕಾಗದ ಮಾತ್ರ. ಹದಿಮೂರನೆಯವರಿಗೆ ಅದೂ ಇಲ್ಲ.

ಕಾಲೇಜುಗಳ ಅಂತರ ಕಾಲೇಜು ಪಂದ್ಯಗಳ ಪಟ್ಟಿ ಆಯಾ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಸಿಗುತ್ತದೆ. ಪಿ.ಡಿ. ಮೇಷ್ಟ್ರನ್ನು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಪಂದ್ಯ ನೋಡಲು ಬಂದೆ ಎಂದು ಹೇಳುವವರು ಅವರಿಗೂ ಅಪರೂಪ. ನೀವು ನೋಡಿದ ಪಂದ್ಯದ ಬಗ್ಗೆ ನಾಲ್ಕು ಸಾಲು ಬರೆದು ನಮ್ಮ ಕಾರ್ಯಕ್ರಮಕ್ಕೆ ಕಳಿಸಿ. ಸ್ಕೋರಿನ ಜೊತೆ ಬೆಂಚಿನ ತುದಿಯ ನಂಬರನ್ನೂ ಬರೆಯುವುದು ಮರೆಯಬೇಡಿ.